ಮಂದ್ರಕ್ಕನ ಕೆಳದನಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದೊಡ್ಡ ಯಂತ್ರಗಳು ತಿರುಗತೊಡಗಿದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಅಲ್ಲಿ ಕೆಲಸಕ್ಕಿದ್ದ ಹೆಂಗಸರೆಲ್ಲ ಈ ಕಾರಣದಿಂದಲೇ ಗಂಟಲು ಹರಿಯುವಂತೆ ಕೂಗಿ ಮಾತಾಡುವುದನ್ನು ರೂಢಿಸಿಕೊಂಡಿದ್ದರು. ಒಬ್ಬಳು ಮಾತ್ರ ಕೂಗುತ್ತಿರಲಿಲ್ಲ. ಅವಳ ದನಿ ಯಂತ್ರಗಳ ಗುಂಯ್‌ಗುಡುವಿಕೆಗಿಂತ ಕೆಳಗಿತ್ತು. ಸದ್ದಿನ ಅಡಿಯಿಂದ ನುಸುಳಿ ಬಂದು ಎದುರಿನವರ ಕಿವಿಯನ್ನು ಸರಿಯಾಗಿ ತಲುಪುತ್ತಿತ್ತು. ಅವಳು ಫೋನೆತ್ತಿ ಮಾತಾಡಿದರೆ ಆ ಕಡೆಯವರು "ಹೇಳಿ ಸಾರ್" ಎನ್ನುತ್ತಿದ್ದರು. ತಿದ್ದುವುದನ್ನು ಅವಳು ಎಂದೋ ಬಿಟ್ಟಿದ್ದಳು.

ಎಲ್ಲರೂ ಅವಳನ್ನು ಮಂದ್ರಕ್ಕ ಎಂದೇ ಕರೆಯುತ್ತಿದ್ದರು. ಅದು ಚರ್ಚಿನ ಗಾನವೃಂದದಲ್ಲಿ ಸಿಕ್ಕ ಹೆಸರು. ಹುಡುಗಿಯಾಗಿದ್ದಾಗ ಅವಳು ಹಾಡಲು ಬಂದು ನಿಂತ ದಿನ, ಆಗಿನ ಸಂಗೀತದ ಮೇಷ್ಟ್ರು ಎರಡು ಸ್ವರ ಹಾಡಿಸಿ ನೋಡಿ, ಮುಂದಿನ ಸಾಲಿನಲ್ಲಿದ್ದ ಹುಡುಗಿಯರ ನಗೆಯನ್ನು ಕಣ್ಣಿನಲ್ಲೇ ಅಡಗಿಸಿ, ಅವಳನ್ನು ಕೈಹಿಡಿದು ಹಿಂದಿನ ಸಾಲಿನ ಕಂಬದ ಪಕ್ಕದಲ್ಲಿ ನಿಲ್ಲಿಸಿದ್ದರು. "ನಿನ್ನ ಜಾಗ ಇದು. ಇಲ್ಲಿಂದ ಅಲುಗಾಡ್ಬೇಡ" ಎಂದಿದ್ದರು. ಮೇಷ್ಟ್ರು ಹೋಗಿ ಎಷ್ಟೋ ಕಾಲವಾಯಿತು. ಅವಳು ಅಲುಗಾಡಿರಲಿಲ್ಲ.

ಗಾನವೃಂದದ ಹಾಡಿಗೆ ಎರಡು ದಾರಿಗಳಿದ್ದವು. ಜನ ಗುರುತು ಹಿಡಿಯುವ, ಹಾದಿಬೀದಿಯಲ್ಲಿ ಗುನುಗುವ ರಾಗ ಮೇಲ್ದನಿಯದು. ಅದರ ಅಡಿಯಲ್ಲಿ ಒಮ್ಮೆ ಅದನ್ನು ಕೂಡಿಕೊಂಡು, ಒಮ್ಮೆ ಅದರಿಂದ ಅಗಲಿ, ಅದೇ ಲ್ಯಾಟಿನ್ ಮಾತುಗಳನ್ನು ಬೇರೆಯೇ ಸ್ವರಗಳಲ್ಲಿ ಹೊತ್ತು ಸಾಗುವುದು ಕೆಳದನಿ. ಮೇಲ್ದನಿಯಿಲ್ಲದೆ ಕೆಳದನಿಯನ್ನಷ್ಟೇ ಕೇಳಿದವರಿಗೆ ಅದು ಯಾವ ಹಾಡೆಂದು ತಿಳಿಯುವುದು ಕಷ್ಟ. ಮಂದ್ರಕ್ಕನಿಗೆ ಬರುತ್ತಿದ್ದುದು ಅದೊಂದೇ. ಒದ್ದೆ ಚಾದರಗಳನ್ನು ಹಿಂಡುವಾಗ, ಇಸ್ತ್ರಿ ಮಾಡುವಾಗ, ಮನೆಯಲ್ಲಿ ಪಾತ್ರೆ ತೊಳೆಯುವಾಗ ಅವಳು ಗುನುಗುತ್ತಿದ್ದುದು ಅದನ್ನೇ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಗಂಡ ಇದಕ್ಕೊಂದು ಮಾತು ಇಟ್ಟುಕೊಂಡಿದ್ದ: "ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತಾರಲ್ಲ, ಅವನಾದ್ರೂ ಯಾವ ಹಾಡು ಅಂತ ಗೊತ್ತಾಗೋ ಹಾಗೆ ಹಾಡ್ತಿದ್ದ ಮಾರಾಯ್ತಿ!"

ಮೇಲ್ದನಿಯ ಮುಂದಾಳು ಅವಳ ನಾದಿನಿ, ಗಂಡನ ತಂಗಿ. ಬಟ್ಟೆ ಅಂಗಡಿಯಲ್ಲಿ ಕ್ಯಾಶಿಯರ್. ಕಂಠ ತೆಳುವಾಗಿ, ಹೊಳಪಾಗಿ, ಚಾವಣಿ ಮುಟ್ಟುವಂಥದ್ದು, ನಾಲಿಗೆಯೂ ಹಾಗೆಯೇ.

ಆ ವರ್ಷ, ಪಾಸ್ಖ ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚೆ ಬರುವ ಉಪವಾಸದ ತಪಸ್ಸುಕಾಲದ ಮೊದಲ ಭಾನುವಾರ, ಪೂಜೆ ಮುಗಿದ ಮೇಲೆ, ಹೊಸದಾಗಿ ಬಂದಿದ್ದ ಚರ್ಚಿನ ಗುರುಗಳು ಮರದ ಮೆಟ್ಟಿಲು ಹತ್ತಿ ಗಾಯನದ ಅಟ್ಟಕ್ಕೆ ಬಂದರು. ವಯಸ್ಸು ಚಿಕ್ಕದು, ಮಾತು ನೇರ. ಹಳೆಯ ಕ್ರಮದ ಪೂಜೆಯನ್ನೂ ಲ್ಯಾಟಿನ್ ಪ್ರಾರ್ಥನೆಗಳನ್ನೂ ಪ್ರೀತಿಯಿಂದ ಉಳಿಸಿಕೊಂಡವರಾದ್ದರಿಂದ ಅವರ ಬಗ್ಗೆ ಗಾನವೃಂದಕ್ಕೆ ಅಂಜಿಕೆಯೇನೂ ಇರಲಿಲ್ಲ.

"ಬೇಜಾರು ಮಾಡ್ಕೋಬೇಡಿ" ಎಂದು ಅವರು ಆರಂಭಿಸಿದಾಗಲೇ ಎಲ್ಲರಿಗೂ ಬೇಜಾರಾಯಿತು. "ನೀವು ಚೆನ್ನಾಗಿ ಹಾಡ್ತೀರಿ. ಆದ್ರೆ ಮೇಲೆ ಏಳು ಜನ ಹಾಡ್ತಾರೆ, ಕೆಳಗೆ ಚರ್ಚ್ ತುಂಬ ಜನ ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತಾರೆ. ಇದು ಪೂಜೆನೋ, ಸಂಗೀತ ಕಚೇರಿನೋ?"

"ಅವರ ಬಾಯಿಗೆ ನಾವೇನು ಬೀಗ ಹಾಕಿದ್ದೀವಾ ಫಾದರ್?" ಎಂದಳು ನಾದಿನಿ.

"ಹಾಕಿಲ್ಲ. ಆದ್ರೆ ತೆಗೆದೂ ಇಲ್ಲ." ಅವರು ನಕ್ಕರು, ಆದರೆ ಮಾತು ಸಡಿಲಿಸಲಿಲ್ಲ. "ಪಾಸ್ಖ ಹಬ್ಬದವರೆಗೆ ನೋಡೋಣ. ಅಷ್ಟರಲ್ಲಿ ಕೆಳಗಿನವರು ಹಾಡೋಕೆ ಶುರು ಮಾಡಿದ್ರೆ ಸರಿ. ಇಲ್ಲಾಂದ್ರೆ ಈ ಅಟ್ಟ ಮುಚ್ಚಿಬಿಡೋಣ. ನೀವೂ ಕೆಳಗೆ ಬಂದು ಜನರ ಮಧ್ಯೆ ನಿಂತ್ಕೊಳ್ಳಿ. ಎಲ್ಲರೂ ಸೇರಿ ಒಂದೇ ರಾಗ ಹಾಡೋಣ."

ಉಳಿದವರಿಗೆ ಅಟ್ಟ ಹೋಗುವುದರ ಚಿಂತೆ. ಮಂದ್ರಕ್ಕನಿಗೆ ಚುಚ್ಚಿದ್ದು ಕೊನೆಯ ಮಾತು. ಎಲ್ಲರೂ ಒಂದೇ ರಾಗ ಹಾಡುವ ಕಡೆ ಕೆಳದನಿಗೆ ಜಾಗವೆಲ್ಲಿ? ಮೇಲ್ದನಿಯವರು ಎಲ್ಲಿ ನಿಂತರೂ ಅವರ ಹಾಡು ಅವರಿಗುಂಟು. ತನ್ನ ಹಾಡು ಮಾತ್ರ ಈ ಹಬ್ಬದೊಡನೆ ಮುಗಿಯುತ್ತದೆ, ಮುಗಿದದ್ದು ಯಾರ ಗಮನಕ್ಕೂ ಬಾರದು ಎಂದು ಅವಳಿಗೆ ಅಲ್ಲೇ ಹೊಳೆಯಿತು. ಅವಳು ಮೆಟ್ಟಿಲಿಳಿದಳು.

ಮುಂದಿನ ವಾರ ಬೀದಿಯ ತುದಿಯ ಬಡಗಿ ತೀರಿಕೊಂಡ. ಶವಸಂಸ್ಕಾರದ ಪೂಜೆ ವಾರದ ನಡುವಿನ ಬೆಳಿಗ್ಗೆ. ನಾದಿನಿ ಅಂಗಡಿಯಲ್ಲಿ, ಉಳಿದವರು ತಂತಮ್ಮ ಕೆಲಸಗಳಲ್ಲಿ. ಅಂದು ಮಧ್ಯಾಹ್ನದ ಪಾಳಿಯಾದ್ದರಿಂದ ಮಂದ್ರಕ್ಕ ಒಬ್ಬಳೇ ಬಂದಿದ್ದಳು. ತಪಸ್ಸುಕಾಲದಲ್ಲಿ ಆ ಚರ್ಚಿನಲ್ಲಿ ಆರ್ಗನ್ ಮುಟ್ಟುವ ಪದ್ಧತಿಯಿರಲಿಲ್ಲ. ಮುಚ್ಚಳ ಮುಚ್ಚಿ, ನೇರಳೆ ಬಟ್ಟೆ ಹೊದಿಸಿ ಇಟ್ಟಿದ್ದರು. ಗುರುಗಳು ಪೂಜೆಗೆ ಮುಂಚೆ ಅವಳನ್ನು ಕಂಡು, "ಅಕ್ಕಾ, ಪರಮಪ್ರಸಾದ ಹಂಚೋ ಹೊತ್ತಿಗೆ ಆ ಹಳೇ ಗೀತೆ ಒಂದು ನೀವೇ ಎತ್ತಿಬಿಡಿ. ಎಲ್ಲರಿಗೂ ಗೊತ್ತಿರೋದೇ ತಾನೆ, ಜನ ಸೇರ್ಕೋತಾರೆ" ಎಂದರು.

ಗೊತ್ತಿರುವುದೇ. ಆ ಗೀತೆಯನ್ನು ಅವಳು ಹಾಡದ ತಿಂಗಳಿರಲಿಲ್ಲ. ಸಮಯ ಬಂದಾಗ ಅವಳು ಮುಂದಿನ ಬೆಂಚಿನ ಪಕ್ಕದಲ್ಲಿ ನಿಂತು, ನಾದಿನಿ ಶುರುಮಾಡುವ ಮೊದಲ ಸ್ವರವನ್ನು ಮನಸ್ಸಿನಲ್ಲಿ ಕೇಳಿಸಿಕೊಂಡು, ಉಸಿರೆಳೆದು ಬಾಯಿ ತೆರೆದಳು. ಹೊರಬಂದದ್ದು ಆ ಸ್ವರವಲ್ಲ. ಇಷ್ಟು ವರ್ಷ ಆ ಸ್ವರವನ್ನು ಕೇಳಿದೊಡನೆ ಅದರಿಂದ ಇಳಿದು ನಿಲ್ಲುವುದೇ ಅಭ್ಯಾಸವಾಗಿದ್ದ ಗಂಟಲು ಈಗಲೂ ಇಳಿದು ನಿಂತಿತ್ತು. ಕೆಳದನಿ ತನ್ನ ಪಾಡಿಗೆ ತಾನು ಹೊರಟುಬಿಟ್ಟಿತ್ತು.

ಎರಡನೆಯ ಸಾಲಿನಲ್ಲಿ ಅವಳಿಗೆ ತಪ್ಪು ಗೊತ್ತಾಯಿತು. ರಾಗವನ್ನು ಹಿಡಿಯಲೆಂದು ದನಿಯನ್ನು ಮೇಲಕ್ಕೆ ಎಳೆದಳು. ಗಂಟಲು ಮತ್ತೆ ಹಳೆಯ ದಾರಿಗೇ ಬಂತು, ದನ ಕೊಟ್ಟಿಗೆಗೆ ಬರುವಂತೆ. ಒಬ್ಬಿಬ್ಬರು ಗೊತ್ತಿದ್ದ ರಾಗವನ್ನು ಎತ್ತಲು ಹೋಗಿ, ಹೊಂದದೆ, ಕೆಮ್ಮಿ ಸುಮ್ಮನಾದರು. ಶವಪೆಟ್ಟಿಗೆಯ ಮುಂದೆ ಹಾಡು ನಿಲ್ಲಿಸುವುದು ಹೇಗೆ? ಅವಳು ಕಣ್ಣು ನೆಲಕ್ಕೆ ನೆಟ್ಟು, ಯಾರೂ ಗುರುತಿಸದ ಆ ಹಾಡನ್ನು ಕೊನೆಯ ಪದ್ಯದವರೆಗೂ ಒಬ್ಬಳೇ ಹೊತ್ತು ಮುಗಿಸಿದಳು.

ಸುದ್ದಿ ನಾದಿನಿಯ ಕಿವಿಗೆ ಮಧ್ಯಾಹ್ನವೇ ಬಿದ್ದಿತ್ತು. ರಾತ್ರಿ ಅಂಗಡಿ ಮುಚ್ಚಿದ ಕೂಡಲೇ ಅಣ್ಣನ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಅತ್ತಿಗೆ, ಪಾಪ ಆ ಬಡಗಿ ಎದ್ದು ಕೂತು 'ಇದ್ಯಾವ ಹಾಡು ತಾಯಿ' ಅಂತ ಕೇಳಲಿಲ್ವಾ?"

ಮೆಕ್ಯಾನಿಕ್ ನಕ್ಕ. ಹೆಂಡತಿಯ ಮುಖ ನೋಡಿ ನಗೆಯನ್ನು ನುಂಗಿಕೊಂಡ.

"ಇನ್ಮೇಲೆ ನಾನು ಅಟ್ಟ ಹತ್ತಲ್ಲ" ಎಂದಳು ಮಂದ್ರಕ್ಕ. "ಹೇಗೂ ಮುಚ್ಚೋದೇ ತಾನೆ. ನಾನೊಂದಿಷ್ಟು ಮುಂಚೆ ಇಳಿದೆ ಅಂದ್ಕೊಳ್ಳಿ."

"ಅಯ್ಯೋ, ತಮಾಷೆಗೆ ಅಂದ್ರೆ..."

"ತಮಾಷೆನೇ. ನಂಗೂ ನಗು ಬಂತು" ಎಂದಳು. ಬಂದಿರಲಿಲ್ಲ.

ಬಡಗಿಯ ಹೆಂಡತಿ ಆಸ್ಪತ್ರೆಯ ಹಿಂಬಾಗಿಲಿಗೆ ಅವಳನ್ನು ಹುಡುಕಿಕೊಂಡು ಬಂದದ್ದು ಇದಾದ ಕೆಲವು ದಿನಗಳಿಗೆ. ಮಂದ್ರಕ್ಕ ಚಾದರ ಮಡಿಸುತ್ತಿದ್ದವಳು ಹಾಗೆಯೇ ನಿಂತಳು; ಬೈಗುಳ ತಿನ್ನಲು ಸಿದ್ಧವಾಗಿ, "ಅವತ್ತು ಹಾಗಾಗಬಾರದಿತ್ತು" ಎಂದು ತಾನೇ ಶುರುಮಾಡಿದಳು.

"ಅದನ್ನೇ ಕೇಳೋಕೆ ಬಂದೆ" ಎಂದಳು ಆಕೆ. "ಆ ಹಾಡು ನಂಗೆ ಕಲಿಸಿಕೊಡ್ತೀಯಾ?"

"ಅದು ಬೇರೆ ಹಾಡಲ್ಲ. ಯಾವಾಗಲೂ ಹಾಡೋದೇ. ನಾನು ಕೆಳಗಿನ ದಾರಿ ಹಿಡಿದುಬಿಟ್ಟೆ ಅಷ್ಟೆ."

"ಯಾವ ದಾರಿನೋ ನಂಗೇನು ಗೊತ್ತು? ಇಷ್ಟು ವರ್ಷ ನಾನು ಚರ್ಚಲ್ಲಿ ಬರೀ ತುಟಿ ಆಡಿಸಿದ್ದೀನಿ. ನಿಮ್ಮ ಹಾಡು ಸೂರಿನ ಮೇಲಿರುತ್ತೆ, ನನ್ನ ಗಂಟಲು ಹೊಸ್ತಿಲಲ್ಲೇ ಕೂತಿರುತ್ತೆ. ಅವತ್ತು ನೀನು ಹಾಡಿದಾಗ, ನಿಜ ಹೇಳ್ತೀನಿ, ಅಳ್ತಾ ಅಳ್ತಾನೇ ನಾನೂ ಸಣ್ಣಗೆ ಹಾಡಿದೆ. ಎರಡನೇ ಪದ್ಯದಿಂದ. ನನ್ನ ದನಿಗೆ ಸಿಗೋವಂಥ ಹಾಡು ಅದೊಂದೇ ನೋಡು."

ಮಂದ್ರಕ್ಕ ಚಾದರದ ಇನ್ನೊಂದು ತುದಿಯನ್ನು ಆಕೆಯ ಕೈಗೆ ಕೊಟ್ಟಳು. ಇಬ್ಬರೂ ಎಳೆದು ಹಿಡಿದು ಮಡಿಸಿದರು. ಮೂರನೆಯ ಚಾದರಕ್ಕೆ ಮೊದಲ ಸಾಲು ಬಂದಿತ್ತು.

ಬಡಗಿಯ ಹೆಂಡತಿ ಸುಮ್ಮನಿರುವ ಜೀವವಲ್ಲ. ಮುಂದಿನ ಸಂಜೆ, ಅಭ್ಯಾಸಕ್ಕೆಂದು ಗೊತ್ತುಮಾಡಿಕೊಂಡಿದ್ದ ಚರ್ಚಿನ ಪಕ್ಕದ ಕೋಣೆಗೆ ಮಾಂಸದಂಗಡಿಯವನನ್ನು ಕರೆತಂದಳು. "ಇವನೂ ತುಟಿ ಆಡಿಸೋ ಗಿರಾಕಿನೇ" ಎಂದು ಪರಿಚಯಿಸಿದಳು. ಅವನ ಹಿಂದೆ ಅವನ ಅತ್ತೆ ಬಂದಳು. ಅತ್ತೆ ಬಂದಿದ್ದಾಳೆಂದು ಅವಳೊಡನೆ ಮಾತು ಬಿಟ್ಟಿದ್ದ ನೆರೆಯವಳೂ ಬಂದಳು. ವಾರ ಕಳೆಯುವಷ್ಟರಲ್ಲಿ ಬೆಂಚುಗಳು ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೆ ಕೂರತೊಡಗಿದರು. ಬಂದವರೆಲ್ಲರ ದೂರೂ ಒಂದೇ: ಹಾಡು ಎತ್ತರದಲ್ಲಿದೆ, ನಿಲುಕುವುದಿಲ್ಲ. ಗಂಡಸರು ಅದನ್ನು ಒಂದು ಸ್ಥಾಯಿ ಇಳಿಸಿ ಹಾಡಲು ಹೋದರೂ ಮೇಲಿನ ತುದಿಗೆ ಬಂದಾಗ ಕತ್ತಿನ ನರ ಉಬ್ಬುತ್ತಿತ್ತು. ಕೆಳದನಿಯಲ್ಲಿ ಅಂಥ ಏರುಗಳಿರಲಿಲ್ಲ. ಅದು ಮನೆಯೊಳಗಿನ ಓಡಾಟದಂತೆ, ಎರಡು ಹೆಜ್ಜೆ ಆಚೆ, ಒಂದು ಹೆಜ್ಜೆ ಈಚೆ.

ಮಂದ್ರಕ್ಕನಲ್ಲಿ ಮೆಲ್ಲಗೆ ಆಸೆ ಚಿಗುರತೊಡಗಿತು. ಗುರುಗಳು ಕೇಳಿದ್ದು ಜನರ ಬಾಯಿ ತೆರೆಸುವುದನ್ನು. ಬಾಯಿಗಳು ತೆರೆಯುತ್ತಿದ್ದವು, ಅದೂ ತನ್ನ ಹಾಡಿಗೆ. ಈ ಮಾತನ್ನು ಅವಳು ಗಂಡನಿಗೂ ಹೇಳಲಿಲ್ಲ. ಹೇಳಿದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದೀತೆಂಬ ಭಯ. ಯಾಕೆಂದರೆ ಒಂದು ತೊಡಕು ಬಾಕಿಯಿತ್ತು. ಇವರೆಲ್ಲ ಕೆಳದನಿಯನ್ನು ಕಲಿತದ್ದು ಅದೊಂದನ್ನೇ ಕೇಳಿಕೊಂಡು. ಮೇಲೊಬ್ಬರು ರಾಗ ಹಾಡಿದೊಡನೆ ಎಷ್ಟು ಜನ ನಿಂತ ನೆಲದಲ್ಲಿ ನಿಂತಾರು?

ಅದಕ್ಕೆ ಮೇಲ್ದನಿ ಬೇಕಿತ್ತು. ಮಂದ್ರಕ್ಕ ಬಿಗುಮಾನ ಬದಿಗಿಟ್ಟು ನಾದಿನಿಯ ಅಂಗಡಿಗೆ ಹೋದಳು.

"ನಾನು ಬಂದು ಏನು ಮಾಡ್ಲಿ?" ಎಂದಳು ನಾದಿನಿ, ಗಲ್ಲಾಪೆಟ್ಟಿಗೆಯ ಹಿಂದಿನಿಂದ.

"ಅವರನ್ನ ಕೆಡಿಸು."

ನಾದಿನಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಹಿಂದೆಂದೂ ಬಂದಿರಲಿಲ್ಲ. ಅಂದು ಸಂಜೆಯೇ ಬಂದಳು. ಬಾಗಿಲಲ್ಲಿ ನಿಂತು ರಾಗವನ್ನೆತ್ತಿದಳು, ಅಷ್ಟೆ. ಕೋಣೆಯಲ್ಲಿದ್ದವರೆಲ್ಲ ಇರುವೆ ಸಕ್ಕರೆಗೆ ಹೋಗುವಂತೆ ಅವಳ ಹಿಂದೆ ಹೋದರು. ಮೇಲೆ ಹೋಗಿ, ನಿಲುಕದೆ, ಅರ್ಧ ದಾರಿಯಲ್ಲಿ ಕುಸಿದರು. ಮಾಂಸದಂಗಡಿಯವನ ದನಿ ಒಡೆದ ರೀತಿಗೆ ಅವನ ಅತ್ತೆಯೇ ಮೊದಲು ನಕ್ಕದ್ದು.

"ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಹಾಗಾಯ್ತು" ಎಂದಳು ಬಡಗಿಯ ಹೆಂಡತಿ.

"ಹಾಗೇ ಎಳೀಬೇಕು!" ಎಂದಳು ಮಂದ್ರಕ್ಕ. ಅವಳ ಚೀಲದಲ್ಲಿ ಮನೆಗೆ ಒಯ್ಯುತ್ತಿದ್ದ ಚಾದರವೊಂದಿತ್ತು. ಅದನ್ನು ಬಿಡಿಸಿ ಒಂದು ತುದಿಯನ್ನು ನಾದಿನಿಗೆ ಕೊಟ್ಟಳು, ಇನ್ನೊಂದನ್ನು ಮಾಂಸದಂಗಡಿಯವನಿಗೆ. "ಎಳೆದು ಹಿಡಿ. ಅವಳು ಎಳೆದಾಗ ನೀನು ಸಡಿಲ ಬಿಟ್ರೆ ಏನಾಗುತ್ತೆ? ಮುದ್ದೆಯಾಗುತ್ತೆ. ನೀನು ಜಗ್ಗಿ ಅವಳನ್ನ ಬೀಳಿಸಿದ್ರೂ ಮುದ್ದೆನೇ. ಅವಳು ಆ ಕಡೆ, ನೀನು ಈ ಕಡೆ, ಆಗ ಮಧ್ಯದಲ್ಲಿ ಒಂದು ಸುಕ್ಕೂ ಇರಲ್ಲ. ಅವಳ ಹಾಡು ಕೇಳಿಸ್ಕೋ, ಆದ್ರೆ ಹಿಂದೆ ಹೋಗಬೇಡ. ನಿನ್ನ ತುದಿ ಬಿಡಬೇಡ."

ಮತ್ತೆ ಹಾಡಿದರು, ಮತ್ತೆ ಕುಸಿದರು. ಹೀಗೆ ಎಷ್ಟೋ ಬಾರಿ ಆದಮೇಲೆ, ಒಂದು ಸಲ, ಎಲ್ಲರೂ ನಾದಿನಿಯ ಹಿಂದೆ ಓಡಿದಾಗ, ಬಾಗಿಲ ಬಳಿಯಿಂದ ಒಂದು ಗಂಡುದನಿ ಕೆಳದನಿಯನ್ನು ಬಿಡದೆ ಸಾಗಿತು. ಸಾಲು ಮುಗಿಯುವವರೆಗೂ ಕದಲಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಹೆಂಡತಿಯನ್ನು ಮನೆಗೆ ಕರೆದೊಯ್ಯಲು ಬಂದು, ಡಿಪೋದ ಗ್ರೀಸ್ ಮೆತ್ತಿದ ಬಟ್ಟೆಯಲ್ಲೇ ಗೋಡೆಗೊರಗಿ ನಿಂತಿದ್ದ ಮೆಕ್ಯಾನಿಕ್ ಅದು.

"ನಿನಗೆ ಯಾರು ಕಲಿಸಿದ್ರು ಅಣ್ಣಾ?" ಎಂದು ನಾದಿನಿ ಬೆರಗಾದಳು.

"ಕಲಿಸೋದೇನು? ಮದುವೆಯಾದಾಗಿನಿಂದ ನನ್ನ ಮನೇಲಿ ಕೇಳಿಸ್ತಿರೋದೇ ಇದು. ಇನ್ನೊಂದು ದಾರಿ ಇದೆ ಅಂತ ನಂಗೇನು ಗೊತ್ತು?"

ಮಂದ್ರಕ್ಕ ಆ ಸಂಜೆ ಮೊದಲ ಬಾರಿಗೆ ಎಲ್ಲರೆದುರು ಬಾಯ್ತುಂಬ ನಕ್ಕಳು. ಗಂಡನನ್ನು ಗಂಡಸರ ಸಾಲಿನ ನಟ್ಟನಡುವೆ ನಿಲ್ಲಿಸಿದಳು. ಅವನ ಎರಡೂ ಬದಿಯವರು ಅವನಿಗೆ ಕಿವಿಗೊಟ್ಟು ನೆಲೆ ನಿಂತರು. ಅವರನ್ನು ನೋಡಿ ಉಳಿದವರೂ ನಿಂತರು. ನಾದಿನಿ ಈಗ ಎಷ್ಟು ಎಳೆದರೂ ಚಾದರ ಮುದ್ದೆಯಾಗುತ್ತಿರಲಿಲ್ಲ.

ಪಾಸ್ಖ ಹಬ್ಬದ ಬೆಳಿಗ್ಗೆ ಆರ್ಗನ್‌ನ ನೇರಳೆ ಬಟ್ಟೆ ತೆಗೆದಿದ್ದರು. ಬಲಿಪೀಠದ ಮೇಲೆ ಬಿಳಿ ವಸ್ತ್ರ, ಬಿಳಿ ಹೂಗಳು. ವಾರಗಟ್ಟಲೆ ಕೇಳದಿದ್ದ ಮಹಿಮಾಗಾನ ಗಂಟೆಗಳ ಸದ್ದಿನೊಡನೆ ಮೇಲೆದ್ದಾಗ ಬೆಂಚಿನಲ್ಲಿದ್ದ ಮಕ್ಕಳು ಕಿವಿ ಮುಚ್ಚಿಕೊಂಡು ನಕ್ಕರು. ಮೇಲೆ ಅಟ್ಟದಲ್ಲಿ ನಿಂತಿದ್ದವರು ಆರು ಜನ. ಮಂದ್ರಕ್ಕ ಅಟ್ಟ ಹತ್ತಿರಲಿಲ್ಲ. ನಾದಿನಿ ಕೈಹಿಡಿದು ಎಳೆದಿದ್ದಳು. "ನನ್ನ ತುದಿ ಕೆಳಗಿದೆ" ಎಂದು ಬಿಡಿಸಿಕೊಂಡು ಬಂದು ನಡುವಿನ ಬೆಂಚೊಂದರಲ್ಲಿ, ಬಡಗಿಯ ಹೆಂಡತಿಯ ಪಕ್ಕ ನಿಂತಿದ್ದಳು. ಈ ಹೊತ್ತಿನಲ್ಲಿ ಜನ ನಾಚಿ ಸುಮ್ಮನಾದರೆ, ಇಲ್ಲವೇ ಆರ್ಗನ್ನಿನ ಆರ್ಭಟಕ್ಕೆ ದಾರಿ ತಪ್ಪಿದರೆ, ಅಟ್ಟಕ್ಕೂ ಬೀಗ, ಅವಳ ಹಾಡಿಗೂ ಬೀಗ.

ಪರಮಪ್ರಸಾದದ ಗೀತೆಗೆ ಆರ್ಗನ್ ಮೊದಲ ಸ್ವರವನ್ನು ಕೊಟ್ಟಿತು. ನಾದಿನಿಯ ದನಿ ಮೇಲಿನಿಂದ ಹೊರಟಿತು. ಅದರ ಅಡಿಯಲ್ಲಿ ಮಂದ್ರಕ್ಕ ಹೊರಟಳು, ಪಕ್ಕದಲ್ಲಿ ಬಡಗಿಯ ಹೆಂಡತಿ, ಎದುರಿನ ಸಾಲಿನಲ್ಲಿ ಮೆಕ್ಯಾನಿಕ್. ಒಂದು ಸಾಲಿನಷ್ಟು ಹೊತ್ತು ಕೆಳಗೆ ಈ ಮೂವರದೇ ದನಿ. ಆಮೇಲೆ ಎಡಗಡೆಯಿಂದ ಮಾಂಸದಂಗಡಿಯವನು ಸೇರಿದ; ಅವನ ಅತ್ತೆ, ಅತ್ತೆಯೊಡನೆ ಮಾತು ಬಿಟ್ಟವಳು; ಕಂಬಗಳ ಹಿಂದಿನಿಂದ, ಬಾಗಿಲ ಬಳಿ ನಿಂತವರ ಗುಂಪಿನಿಂದ, ಒಂದೊಂದು ಬೆಂಚಿನಿಂದ ಇಬ್ಬರು ಮೂವರಂತೆ. ಕೋಣೆಗೆ ಎಂದೂ ಬಾರದವರು ಬಂದವರ ಪಕ್ಕ ನಿಂತು ಕಿವಿಯಲ್ಲೇ ಕಲಿಯುತ್ತ ಸೇರಿಕೊಂಡರು. ಎರಡನೆಯ ಪದ್ಯಕ್ಕೆ ಚರ್ಚಿನ ನೆಲವೇ ಹಾಡುತ್ತಿದೆಯೋ ಎನ್ನುವಂತಾಯಿತು. ಮರದ ಬೆಂಚುಗಳು ಅಂಗೈ ಕೆಳಗೆ ನಡುಗಿದವು.

ಪ್ರಸಾದಕ್ಕೆಂದು ಜನ ಸಾಲಾಗಿ ಹೊರಟರು, ಹಾಡುತ್ತಲೇ. ಬಲಿಪೀಠದ ಮುಂದಿನ ಕಟಕಟೆಗೆ ಮೊಣಕಾಲೂರಿದವರು ಅಲ್ಲಿಯೂ ಹಾಡುತ್ತಿದ್ದರು. ಮಾಂಸದಂಗಡಿಯವನ ಸರದಿ ಬಂದಾಗ ಅವನು ಒಂದು ದೀರ್ಘ ಸ್ವರದ ನಡುವೆ ಇದ್ದ. ಕಷ್ಟಪಟ್ಟು ಕಲಿತದ್ದನ್ನು ಅರ್ಧಕ್ಕೆ ಬಿಡುವ ಮನಸ್ಸಾಗಲಿಲ್ಲ. ಗುರುಗಳು ರೊಟ್ಟಿಯನ್ನು ಬೆರಳ ತುದಿಯಲ್ಲಿ ಹಿಡಿದು ಕಾದರು. ಅವನು ಸ್ವರವನ್ನು ಅದರ ಕೊನೆಯವರೆಗೂ ಹಾಡಿ ಮುಗಿಸಿದ ಮೇಲೆಯೇ ನಾಲಿಗೆ ಚಾಚಿದ. ಬಾಯಿ ತೆರೆಯಲಿ ಎಂದು ಬಯಸಿದವರು ಈಗ ಬಾಯಿ ಮುಚ್ಚಲಿ ಎಂದು ಕಾಯುವಂತಾಗಿತ್ತು. ಮುಂದಿನವರ ಬಳಿ ಸರಿಯುವಾಗ ಗುರುಗಳ ತುಟಿಯಂಚು ಕುಣಿಯುತ್ತಿದ್ದುದನ್ನು ಮಂದ್ರಕ್ಕ ಕಂಡಳು.

ಅವಳು ತನ್ನ ಜಾಗಕ್ಕೆ ಮರಳಿದಾಗ ಕೊನೆಯ ಪದ್ಯ ನಡೆದಿತ್ತು. ಉಸಿರೆಳೆದುಕೊಂಡಳು, ಆದರೆ ಹಾಡಲಿಲ್ಲ. ಹಿಂದಿನ ಸಾಲಿನ ಕಂಬದ ಪಕ್ಕ ನಿಂತ ದಿನದಿಂದ ತಾನು ಬಾಯಿ ಮುಚ್ಚಿದರೆ ಕೆಳದನಿ ಅಲ್ಲಿಗೆ ಸತ್ತಂತೆ ಎಂದು ನಂಬಿ, ಜ್ವರದಲ್ಲೂ ಬಸುರಿನಲ್ಲೂ ನಿಲ್ಲಿಸದವಳು ಅವಳು. ಈಗ ತುಟಿ ಬಿಗಿಹಿಡಿದು ಕೇಳಿದಳು. ಕೆಳದನಿ ನಿಲ್ಲಲಿಲ್ಲ. ಅವಳ ಸುತ್ತ, ಹಿಂದೆ, ಮುಂದೆ, ಬಾಗಿಲಾಚೆಗೂ ಅದು ಅಗಲವಾಗಿ ಹರಿಯುತ್ತಿತ್ತು. ಮೇಲೆ ನಾದಿನಿಯ ತೆಳ್ಳನೆಯ ರಾಗ ಅದರ ಮೇಲೆ ಭಾರವೂರಿ ನಿರಾತಂಕವಾಗಿ ಏರುತ್ತಿತ್ತು.

ಪೂಜೆಯ ನಂತರ ಗುರುಗಳು ಅಟ್ಟದ ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಮಂದ್ರಕ್ಕ ಜನರ ನಡುವಿನಿಂದ ದಾರಿ ಮಾಡಿಕೊಂಡು ಅಲ್ಲಿಗೆ ಬರುವಷ್ಟರಲ್ಲಿ ನಾದಿನಿ ಧಡಧಡನೆ ಇಳಿದು ಬಂದಳು. ಮುಖ ಕೆಂಪೇರಿತ್ತು.

"ಫಾದರ್, ಇದು ಅನ್ಯಾಯ! ಕೆಳಗೆ ಅಷ್ಟು ಜನ, ಮೇಲೆ ನಾವು ಬರೀ ಆರು. ಕೂಗಿ ಕೂಗಿ ನನ್ನ ಗಂಟಲು ಹೋಯ್ತು. ಅಟ್ಟಕ್ಕೆ ಇನ್ನೂ ಜನ ಕೊಡಿ."

"ಅಟ್ಟ ಮುಚ್ಚೋಣ ಅಂದಿದ್ದೆ ನಾನು" ಎಂದರು ಗುರುಗಳು.

"ಮುಚ್ಚಿ ನೋಡಿ" ಎಂದಿತು ಅವರ ಬೆನ್ನ ಹಿಂದಿನಿಂದ ಮಾಂಸದಂಗಡಿಯವನ ಅತ್ತೆಯ ದನಿ. "ಮೇಲೆ ಅವಳು ಎಳೀದಿದ್ರೆ ನಾವು ಕೆಳಗೆ ಯಾರ ಜೊತೆ ಜಗ್ಗೋದು?"

ಗುರುಗಳು ಕೈಜೋಡಿಸಿ ಸೋಲೊಪ್ಪಿಕೊಂಡು ಮಂದ್ರಕ್ಕನತ್ತ ತಿರುಗಿದರು. "ಒಂದೇ ರಾಗ ಅಂದಿದ್ದು ನನ್ನ ತಪ್ಪು ಅಕ್ಕಾ. ಮುಂದಿನ ಹಬ್ಬಕ್ಕೆ ಏನು ಹಾಡಿಸ್ತೀರಿ?"

ಮೇಷ್ಟ್ರು ಹೋದಾಗಿನಿಂದ ಯಾರೂ ಮುಟ್ಟದ ದೊಡ್ಡ ಮಹಿಮಾಗಾನವೊಂದು ಅವಳ ನೆನಪಿನಲ್ಲಿತ್ತು, ಅದರ ಕೆಳದನಿಯಷ್ಟೇ. "ನಾಲ್ಕು ದನಿಯದ್ದು ಒಂದಿದೆ" ಎಂದಳು. "ಅದರಲ್ಲಿ ಗಂಡಸರಿಗೇ ಎರಡು ದಾರಿ."

"ನಾಲ್ಕಾ?" ಗುರುಗಳು ಸುತ್ತ ನೋಡಿ, ದನಿ ತಗ್ಗಿಸಿದರು. "ಹಾಗಾದ್ರೆ ನನ್ನ ಗಂಟಲು ಯಾವುದಕ್ಕೆ ಹೊಂದುತ್ತೆ, ಒಂಚೂರು ನೋಡಿ ಹೇಳ್ತೀರಾ?"

ಮಂದ್ರಕ್ಕ ಎರಡು ಸ್ವರ ಹಾಡಿ ತೋರಿಸಿದಳು. ಗುರುಗಳು ಅವನ್ನು ಹಾಡಿದರು. ಅವಳು ತಲೆ ಓರೆ ಮಾಡಿ ಕೇಳಿ, ಅವರ ತೋಳು ಹಿಡಿದು ಜನರ ನಡುವೆ ಕರೆದೊಯ್ದು, ತನ್ನ ಗಂಡನ ಎಡಗಡೆಗೆ ನಿಲ್ಲಿಸಿದಳು.